ಸೂರ್ಯನ ಮೇಲೊಂದು ಅನುಮಾನ

ಖಗೋಳ ವಿಜ್ಞಾನಿಗಳು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೆಕ್ಕವೊಂದು ತರ್ಕಶಾಸ್ತ್ರದ ಹಳೆಯ ಪ್ರಶ್ನೆಯನ್ನು ಮತ್ತೆ ನಮ್ಮ ಮುಂದಿಟ್ಟಿದೆ. ಕೆಪ್ಲರ್ ದೂರದರ್ಶಕ ಸುಮಾರು ನಾಲ್ಕು ವರ್ಷ ಎಡೆಬಿಡದೆ ನೋಡಿದ ನಕ್ಷತ್ರಗಳಲ್ಲಿ, ಶಾಖದಲ್ಲೂ ಬೆಳಕಿನಲ್ಲೂ ಸೂರ್ಯನನ್ನು ಹೋಲುವ 56,450 ನಕ್ಷತ್ರಗಳನ್ನು ಅವರು ಆರಿಸಿಕೊಂಡರು. ಅವುಗಳಲ್ಲಿ 2,527 ನಕ್ಷತ್ರಗಳು ಒಟ್ಟು 2,889 ಸಲ ಮಹಾಜ್ವಾಲೆ ಉಗುಳಿದ್ದವು. ಸರಾಸರಿ ತೆಗೆದರೆ ಇಂಥ ನಕ್ಷತ್ರವೊಂದು ಸುಮಾರು ನೂರು ವರ್ಷಕ್ಕೊಮ್ಮೆ ಹೀಗೆ ಭುಗಿಲೇಳುತ್ತದೆ. ಆ ಜ್ವಾಲೆಯ ಶಕ್ತಿ ನಾವು ಸೂರ್ಯನಲ್ಲಿ ಕಣ್ಣಾರೆ ಕಂಡ ಅತಿ ದೊಡ್ಡ ಜ್ವಾಲೆಗಿಂತ ಹತ್ತು ಪಟ್ಟಿಗೂ ಮಿಕ್ಕಿದ್ದು. ಸೂರ್ಯನೂ ಇದೇ ಜಾತಿಯ ನಕ್ಷತ್ರ. ಹಾಗಾದರೆ ಸೂರ್ಯನೂ ಹೀಗೆ ಮಾಡಬಲ್ಲನೇ? ಮಾಡಬಲ್ಲ ಎಂದು ನಂಬಲು ಸಾಕಷ್ಟು ಆಧಾರವಿದೆ, ನೂರು ವರ್ಷಕ್ಕೊಮ್ಮೆ ಮಾಡುತ್ತಾನೆ ಎನ್ನಲು ಇಲ್ಲ ಎಂಬುದು ನನ್ನ ನಿಲುವು. ಈ ಎರಡು ಮಾತುಗಳ ನಡುವಿನ ಅಂತರವನ್ನು ಅಳೆಯುವ ವಿಧಾನ ನಮ್ಮ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರಲ್ಲಿ ಸಿದ್ಧವಾಗಿಯೇ ಇದೆ.

ಹೊಗೆ ಇರುವಲ್ಲಿ ಬೆಂಕಿ ಇದೆ ಎನ್ನಬಹುದು, ಬೆಂಕಿ ಇರುವಲ್ಲೆಲ್ಲ ಹೊಗೆ ಇದೆ ಎನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆಯಿಲ್ಲ. ಹೊಗೆ ಬರಲು ಸೌದೆ ಹಸಿಯಾಗಿರಬೇಕು. ಹೀಗೆ ಬಚ್ಚಿಟ್ಟುಕೊಂಡಿರುವ ಷರತ್ತನ್ನು ನೈಯಾಯಿಕರು ಉಪಾಧಿ ಎಂದರು. ಮಹಾಜ್ವಾಲೆಯ ಹಿಂದಿರುವ ಹಸಿ ಸೌದೆ ಯಾವುದು? 2012ರಲ್ಲಿ ಜಪಾನಿನ ಮಾಯೆಹಾರಾ ಮತ್ತು ಸಂಗಡಿಗರು ಕೆಪ್ಲರ್ ನೋಡಿದ ಸುಮಾರು 83,000 ನಕ್ಷತ್ರಗಳಲ್ಲಿ 148 ನಕ್ಷತ್ರಗಳು 365 ಮಹಾಜ್ವಾಲೆ ಉಗುಳಿದ್ದನ್ನು ತೋರಿಸಿದಾಗಲೇ ಸಂಶಯ ತಿರುಗುವ ವೇಗದತ್ತ ಹೋಗಿತ್ತು. ನಕ್ಷತ್ರದ ತಿರುಗಾಟವೇ ಅದರ ಕಾಂತಕ್ಷೇತ್ರವನ್ನು ಹೊಸೆಯುತ್ತದೆ, ಹಾಗೆ ಹೊಸೆದು ಬಿಗಿಯಾದದ್ದು ಒಮ್ಮೆಲೇ ಬಿಡಿಸಿಕೊಂಡಾಗ ಜ್ವಾಲೆ ಏಳುತ್ತದೆ. ಎಳೆಯ ನಕ್ಷತ್ರಗಳು ಕೆಲವೇ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತವೆ; ವಯಸ್ಸಾದ ನಮ್ಮ ಸೂರ್ಯನಿಗೆ ಸಮಭಾಜಕದಲ್ಲೇ ಸುಮಾರು 25 ದಿನ ಬೇಕು. ಹಾಗಾಗಿ ವೇಗವೇ ಉಪಾಧಿ ಎನಿಸಿತು. ಆದರೆ 2019ರಲ್ಲಿ ನಿಧಾನವಾಗಿ ಸುತ್ತುವ ನಕ್ಷತ್ರಗಳನ್ನಷ್ಟೇ ತೆಗೆದುಕೊಂಡು ನೋಡಿದಾಗ, ಜ್ವಾಲೆಗಳು ವಿರಳವಾದವೇ ಹೊರತು ಇಲ್ಲವಾಗಲಿಲ್ಲ: ಎರಡು-ಮೂರು ಸಾವಿರ ವರ್ಷಕ್ಕೊಂದು. ಇನ್ನೊಂದು ಉಪಾಧಿ ಪಕ್ಕದ ನಕ್ಷತ್ರ. ಬಲು ದೂರದಿಂದ ನೋಡುವಾಗ ಎರಡು ನಕ್ಷತ್ರಗಳ ಬೆಳಕು ಕ್ಯಾಮೆರಾದ ಒಂದೇ ಚೌಕದಲ್ಲಿ ಕಲೆತುಹೋಗುತ್ತದೆ. ಮಂಕಾದ ನೆರೆಯ ನಕ್ಷತ್ರ ಸಿಡಿದರೂ ಸೂರ್ಯಸಮಾನ ನಕ್ಷತ್ರವೇ ಸಿಡಿದಂತೆ ಕಾಣುತ್ತದೆ. 2024ರ ತಂಡ ಪ್ರತಿ ಜ್ವಾಲೆಯೂ ಚಿತ್ರದ ಯಾವ ಬಿಂದುವಿನಿಂದ ಬಂತೆಂದು ಒಂದೊಂದಾಗಿ ನೋಡಿ, ಹೊಂದದವನ್ನು ತೆಗೆದುಹಾಕಿತು. ಇದು ದೊಡ್ಡ ಕೆಲಸ. ಆದರೂ ಆರಿಸಿಕೊಂಡ ಎಷ್ಟೋ ನಕ್ಷತ್ರಗಳ ತಿರುಗುವ ಅವಧಿ ಅಳತೆಗೆ ಸಿಕ್ಕಿಲ್ಲ. ಉಪಾಧಿ ಪೂರ್ತಿ ಕಳಚಿಲ್ಲ ಎಂದೇ ನಾನು ‘ಮಾಡುತ್ತಾನೆ’ ಎನ್ನದೆ ‘ಮಾಡಬಲ್ಲ’ ಎಂಬಲ್ಲಿಗೆ ನಿಲ್ಲುವುದು.

ಸೂರ್ಯನನ್ನು ಇಷ್ಟು ಕಾಲದಿಂದ ನೋಡುತ್ತಿದ್ದೇವೆ, ಅವನು ಹಾಗೆ ಎಂದೂ ಮಾಡಿಲ್ಲವಲ್ಲ ಎಂಬ ಆಕ್ಷೇಪ ಸಹಜ. ಆದರೆ ಎಷ್ಟು ಕಾಲದಿಂದ ನೋಡುತ್ತಿದ್ದೇವೆ? ಸೌರಜ್ವಾಲೆ ಮನುಷ್ಯರ ಕಣ್ಣಿಗೆ ಬಿದ್ದು ದಾಖಲಾದದ್ದೇ 1859ರ ಸೆಪ್ಟೆಂಬರ್ 1ರಂದು. ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಬಿಂಬವನ್ನು ಪರದೆಯ ಮೇಲೆ ಬೀಳಿಸಿ ಕಲೆಗಳ ಚಿತ್ರ ಬರೆಯುತ್ತಿದ್ದಾಗ, ಕಲೆಗಳ ಗುಂಪಿನೊಳಗೆ ಎರಡು ಬೆಳ್ಳನೆಯ ಹೊಳಪುಗಳು ಚಿಮ್ಮಿದವು. ಸಾಕ್ಷಿಗೆ ಯಾರನ್ನಾದರೂ ಕರೆತರಲು ಓಡಿ, ಒಂದು ನಿಮಿಷದೊಳಗೆ ಹಿಂತಿರುಗುವಷ್ಟರಲ್ಲಿ ಅವು ಕುಗ್ಗಿಹೋಗಿದ್ದವು. ಮರುದಿನ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದಲ್ಲೂ ಭಾರೀ ಏರುಪೇರು ದಾಖಲಾಯಿತು. ಅಷ್ಟಾದರೂ, ಒಂದೇ ಘಟನೆಯಿಂದ ಎರಡಕ್ಕೂ ಸಂಬಂಧ ಕಲ್ಪಿಸುವ ಅವಸರ ಬೇಡ ಎಂದವನು ಕ್ಯಾರಿಂಗ್ಟನ್ನನೇ. ಆ ಸಂಯಮಕ್ಕೆ ನನ್ನ ಗೌರವವಿದೆ. ಒಂದು ಘಟನೆಯಿಂದ ‘ಹೌದು’ ಎನ್ನಲಾಗದಿದ್ದರೆ, 460 ಕೋಟಿ ವರ್ಷ ವಯಸ್ಸಿನ ನಕ್ಷತ್ರವನ್ನು ನೂರೈವತ್ತು-ಇನ್ನೂರು ವರ್ಷ ನೋಡಿದ ಮಾತ್ರಕ್ಕೆ ‘ಇಲ್ಲ’ ಎನ್ನಲೂ ಆಗದು. ಮರಗಳ ನೆನಪು ನಮ್ಮದಕ್ಕಿಂತ ಉದ್ದ. ವಿಜ್ಞಾನಿ ಫುಸಾ ಮಿಯಾಕೆ 2012ರಲ್ಲಿ ಜಪಾನಿ ಸೀಡರ್ ಮರಗಳಲ್ಲಿ ಕ್ರಿ.ಶ. 774-775ರ ವಾರ್ಷಿಕ ಉಂಗುರ ಪರೀಕ್ಷಿಸಿದಾಗ, ಇಂಗಾಲ-14ರ ಪ್ರಮಾಣ ಒಂದೇ ವರ್ಷದಲ್ಲಿ ಶೇ 1.2ರಷ್ಟು ಜಿಗಿದಿತ್ತು. 993-994ರ ಉಂಗುರದಲ್ಲೂ ಅಂಥದ್ದೇ ಗುರುತು ಸಿಕ್ಕಿತು. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಮಣ್ಣಡಿ ಉಳಿದ ಮರಗಳು 14,300 ವರ್ಷಗಳ ಹಿಂದಿನ ಇನ್ನೂ ದೊಡ್ಡ ಜಿಗಿತವನ್ನು ಹೇಳಿವೆ. ಸೂರ್ಯನಿಂದ ಹೊಮ್ಮಿದ ಕಣಗಳ ಮಹಾಪೂರವೇ ಇದಕ್ಕೆ ಕಾರಣವೆಂಬುದು ಹೆಚ್ಚಿನವರ ಅಭಿಪ್ರಾಯ. ಮರಗಳ ಲೆಕ್ಕದಲ್ಲಿ ಇವು ಸರಾಸರಿ ಸುಮಾರು ಸಾವಿರ ವರ್ಷಕ್ಕೊಮ್ಮೆ ಬರುವಂಥವು, ನಕ್ಷತ್ರಗಳ ಲೆಕ್ಕಕ್ಕೆ ಇದು ತಾಳೆಯಾಗುವುದಿಲ್ಲ. ಜ್ವಾಲೆಯ ಬೆಳಕು ಬೇರೆ, ಕಣಗಳು ಬೇರೆ. ಕಣಗಳು ಭೂಮಿಯತ್ತ ಬಾರದಿದ್ದರೆ ಮರದಲ್ಲಿ ಗುರುತೇ ಉಳಿಯದು ಎಂಬುದೂ ನಿಜ.

ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕ ಇಲ್ಲಿ ಮಧ್ಯೆ ಬಾಯಿಹಾಕುತ್ತಾನೆ: ಎಲ್ಲ ನಕ್ಷತ್ರಗಳನ್ನೂ ಎಲ್ಲ ಕಾಲದಲ್ಲೂ ನೋಡಿದವರಿಲ್ಲ, ಆದ್ದರಿಂದ ವ್ಯಾಪ್ತಿ, ಅಂದರೆ ಎಲ್ಲೂ ತಪ್ಪದ ಸಂಬಂಧ, ಎಂದಿಗೂ ಸಿದ್ಧವಾಗದು, ಈ ಚರ್ಚೆಯೇ ವ್ಯರ್ಥ. ನೈಯಾಯಿಕ ಉದಯನಾಚಾರ್ಯರು ಇದಕ್ಕೆ ಕೊಟ್ಟ ಉತ್ತರ ನನಗೆ ಒಪ್ಪಿಗೆ: ಸಂಶಯಕ್ಕೂ ಒಂದು ಗಡಿಯಿದೆ, ಸಂಶಯಿಸುವವನ ನಡೆಯೇ ಅವನ ಸಂಶಯಕ್ಕೆ ವಿರುದ್ಧವಾದಲ್ಲಿ ಅದು ನಿಲ್ಲಬೇಕು. ಅನುಮಾನವನ್ನೇ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದನ್ನೇ, ನಂಬದವನೂ ಹಸಿವಾದಾಗ ಅನ್ನಕ್ಕೇ ಕೈಚಾಚುತ್ತಾನೆ. ಸೂರ್ಯನ ವಿಷಯದಲ್ಲಿ ನಮ್ಮ ನಡೆಯೂ ಹಾಗೆಯೇ. 1989ರ ಮಾರ್ಚಿನಲ್ಲಿ ಈ ಮಹಾಜ್ವಾಲೆಗಳಿಗಿಂತ ಎಷ್ಟೋ ಸಣ್ಣದಾದ ಸೌರಸ್ಫೋಟವೊಂದು ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನರನ್ನು ಗಂಟೆಗಟ್ಟಲೆ ಕತ್ತಲಲ್ಲಿಟ್ಟಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಕಟ್ಟಿದ ಉಪಕರಣ ಹೊತ್ತು ಆದಿತ್ಯ-ಎಲ್1 ನೌಕೆ 2024ರ ಜನವರಿಯಿಂದ ಭೂಮಿಯಿಂದಾಚೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯನನ್ನು ಕಾಯುತ್ತಿರುವುದು ಪೂರ್ಣ ನಿಶ್ಚಯ ಸಿಕ್ಕಿದ ಮೇಲಲ್ಲ.

ಇನ್ನು ಶ್ರದ್ಧೆಯ ಕಡೆಯಿಂದ ಬರುವ ಆಕ್ಷೇಪ. ಕರ್ಮಸಾಕ್ಷಿಯೆಂದು ದಿನವೂ ಅರ್ಘ್ಯ ಕೊಡುವ ದೇವರನ್ನು ಯಾವಾಗ ಸಿಡಿಯುತ್ತಾನೋ ಎಂದು ಶಂಕಿಸುವುದೇ? ಜರ್ಮನಿಯ ಜೆಸ್ಯೂಟ್ ಪಾದ್ರಿ ಕ್ರಿಸ್ಟೋಫ್ ಶೈನರ್ ಇಂಥದೇ ಇಕ್ಕಟ್ಟಿನಲ್ಲಿದ್ದ. ನಿರ್ಮಲವಾದ ಸೂರ್ಯನಲ್ಲಿ ಕಲೆ ಇರಲಾರದೆಂದು, 1612ರಲ್ಲಿ ಅವನ್ನು ಸೂರ್ಯನನ್ನು ಸುತ್ತುವ ಪುಟ್ಟ ಕಾಯಗಳೆಂದು ವಾದಿಸಿದ. ವರ್ಷಗಟ್ಟಲೆ ನೋಡಿದ ಮೇಲೆ ಕಲೆಗಳು ಸೂರ್ಯನವೇ ಎಂದು ತಾನೇ ಒಪ್ಪಿ ಬರೆದ. ಅವನ ಧರ್ಮಶ್ರದ್ಧೆಗೆ ಅದರಿಂದ ಕುಂದು ಬರಲಿಲ್ಲ. ನಮ್ಮ ಪರಂಪರೆಗೆ ಅಷ್ಟು ಇಕ್ಕಟ್ಟೂ ಇಲ್ಲ. ಗಾಳಿ ಬೀಸುವುದೂ ಸೂರ್ಯ ಹುಟ್ಟುವುದೂ ಬ್ರಹ್ಮದ ಭಯದಿಂದ ಎನ್ನುತ್ತದೆ ತೈತ್ತಿರೀಯ ಉಪನಿಷತ್ತು. ನಿಯತಿ ಸೂರ್ಯನ ಸ್ವಂತ ಗುಣವಲ್ಲ, ಅವನೂ ಇನ್ನೊಂದಕ್ಕೆ ಅಧೀನ ಎಂದೇ ಅದರ ಅರ್ಥವೆಂದು ನಾನು ತಿಳಿದಿದ್ದೇನೆ. ಹಾಗೆ ಅಧೀನನಾದವನಿಗೆ ಕೈಮುಗಿಯುತ್ತಲೇ ಅವನ ಮೇಲೆ ಕಣ್ಣಿಟ್ಟಿರುವುದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ.