ಕಾಣಲಿಲ್ಲವೆಂದರೆ ಇಲ್ಲವೆಂದೇ?

‘ನಾನು ನೋಡಲಿಲ್ಲ’ ಎನ್ನುವವನು ತನ್ನ ಕಣ್ಣಿನ ಕುರಿತು ಹೇಳುತ್ತಾನೆ. ‘ಅದು ಇಲ್ಲವೇ ಇಲ್ಲ’ ಎನ್ನುವವನು ಜಗತ್ತಿನ ಕುರಿತು ತೀರ್ಪು ಕೊಡುತ್ತಾನೆ. ಇವೆರಡೂ ಒಂದೇ ಎಂದು ನಾವು ಎಷ್ಟು ಸುಲಭವಾಗಿ ಭಾವಿಸುತ್ತೇವೆ!

ಪ್ರವಾದಿವರ್ಯರು(ಸ) ಕಅಬಾದೊಳಗೆ ಪ್ರವೇಶಿಸಿದಾಗ ಅಲ್ಲಿ ನಮಾಝ್ ನಿರ್ವಹಿಸಿದರೆಂದು ಹಝ್ರತ್ ಬಿಲಾಲ್(ರ) ತಿಳಿಸಿದ್ದಾರೆ. ನಿರ್ವಹಿಸಲಿಲ್ಲವೆಂಬ ವರದಿಯೂ ಬೇರೆ ಸಹಾಬಿಗಳಿಂದ ಬಂದಿದೆ. ಯಾರೂ ಸುಳ್ಳು ಹೇಳುವವರಲ್ಲ. ಆದರೂ ಹದೀಸ್ ವಿದ್ವಾಂಸರು ಬಿಲಾಲರ(ರ) ಮಾತನ್ನು ಸ್ವೀಕರಿಸಿದರು. ಕಾರಣವಿಷ್ಟೇ: ‘ನಡೆಯಿತು’ ಎನ್ನುವ ವಿಶ್ವಾಸಾರ್ಹ ಸಾಕ್ಷಿಯ ಬಳಿ, ‘ನಡೆಯಲಿಲ್ಲ’ ಎನ್ನುವವನಿಗೆ ತಲುಪದ ಹೆಚ್ಚಿನ ಜ್ಞಾನವಿರುತ್ತದೆ. ಈ ನಿಯಮ ಮದ್ರಸದ ಪಾಠಕ್ಕಷ್ಟೇ ಸೀಮಿತವಲ್ಲ. ಖಗೋಳ ವಿಜ್ಞಾನಿಗಳೂ ಇದೇ ಪ್ರಶ್ನೆಯ ಮುಂದೆ ನಿಲ್ಲಬೇಕಾಯಿತು.

1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವು ಸಪ್ತರ್ಷಿ ಮಂಡಲದ ಬಳಿ, ಬರಿದಾಗಿ ಕಾಣುವ ಆಕಾಶದ ಒಂದು ಚೂರನ್ನು ಹತ್ತು ದಿನ ದಿಟ್ಟಿಸಿ ನೋಡಿತು. ಸುಮಾರು 3000 ಗೆಲಾಕ್ಸಿಗಳು ಸಿಕ್ಕವು. ಯಾವ ಕಾಲದಲ್ಲಿ ಎಷ್ಟು ನಕ್ಷತ್ರಗಳು ಹುಟ್ಟಿದವೆಂದು ಅವುಗಳ ಬೆಳಕಿನಿಂದ ಲೆಕ್ಕ ಹಾಕಲಾಯಿತು. 1998ರಲ್ಲಿ ಹವಾಯಿಯ ಮೌನಾ ಕಿಯಾ ಪರ್ವತದ ಮೇಲಿರುವ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕವು ಅದೇ ಚೂರನ್ನು ಅವಕೆಂಪಿಗೂ ಆಚೆಯ, ಮಿಲಿಮೀಟರಿಗೆ ಸಮೀಪದ ಅಲೆಗಳಲ್ಲಿ ನೋಡಿತು. ಅಲ್ಲಿ ಎಲ್ಲಕ್ಕಿಂತ ಪ್ರಖರವಾಗಿದ್ದ ವಸ್ತುವಿಗೆ ಹಬಲ್ ತೆಗೆದ ಚಿತ್ರದಲ್ಲಿ ಖಚಿತವಾದ ಗುರುತೇ ಇರಲಿಲ್ಲ. ಅದಕ್ಕೆ ಎಚ್‌ಡಿಎಫ್ 850.1 ಎಂದು ಹೆಸರಿಟ್ಟರು.

ಇದಕ್ಕೆ ಕಾರಣ ಧೂಳು. ನಕ್ಷತ್ರಗಳು ಹುಟ್ಟುವುದು ಅನಿಲ ಮತ್ತು ಧೂಳಿನ ದಟ್ಟ ಮೋಡಗಳೊಳಗೆ. ಎಳೆಯ ನಕ್ಷತ್ರದ ಬೆಳಕನ್ನು ಧೂಳು ತಡೆಯುತ್ತದೆ. ಆದರೆ ಆ ಬೆಳಕು ನಾಶವಾಗುವುದಿಲ್ಲ. ಉರಿಯುವ ಒಲೆಗೆ ಕಬ್ಬಿಣದ ತಗಡು ಅಡ್ಡವಿಟ್ಟರೆ ಬೆಂಕಿ ಕಾಣದು, ಆದರೆ ಸ್ವಲ್ಪ ಹೊತ್ತಿನಲ್ಲಿ ತಗಡೇ ಬಿಸಿಯಾಗಿ ಶಾಖ ಸೂಸುತ್ತದೆ. ಧೂಳೂ ಹಾಗೆಯೇ ಬೆಚ್ಚಗಾಗಿ ಅವಕೆಂಪು ಕಿರಣ ಹೊರಸೂಸುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪಿನಾಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವಿಟ್ಟಾಗ ಪಾದರಸ ಏರಿದ್ದು ಇದೇ ಕಿರಣದಿಂದ. ನಮ್ಮ ವಾತಾವರಣದ ನೀರಾವಿ ಇದರ ಬಹುಭಾಗವನ್ನು ಹೀರುವುದರಿಂದ, 1983ರಲ್ಲಿ ಐರಾಸ್ ಎಂಬ ಉಪಗ್ರಹವನ್ನೇ ಹಾರಿಸಬೇಕಾಯಿತು. ತಮ್ಮ ಬೆಳಕಿನ ಬಹುಪಾಲನ್ನು ಅವಕೆಂಪಿನಲ್ಲೇ ಸೂಸುವ ಗೆಲಾಕ್ಸಿಗಳು ಆಗ ಗೊತ್ತಾದವು. ಮುಂದೆ ಕೋಬೆ ಉಪಗ್ರಹದ ಮಾಪನಗಳಿಂದ ತಿಳಿದ ಸಂಗತಿ ಇನ್ನೂ ದೊಡ್ಡದು: ವಿಶ್ವದಲ್ಲಿ ಈವರೆಗೆ ನಕ್ಷತ್ರಗಳು ಚೆಲ್ಲಿದ ಬೆಳಕಿನಲ್ಲಿ ಸುಮಾರು ಅರ್ಧದಷ್ಟು ಧೂಳಿಗೆ ಸಿಕ್ಕಿ ಅವಕೆಂಪಾಗಿದೆ. ಬರಿಯ ಬೆಳಕನ್ನು ನೋಡಿ ಲೆಕ್ಕ ಬರೆದವರ ಖಾತೆಯಲ್ಲಿ ಅರ್ಧ ಜಮೆಯೇ ಆಗಿರಲಿಲ್ಲ.

ಇಲ್ಲಿ ಒಂದು ಆತುರದ ವಾದವನ್ನು ತಡೆಯಬೇಕಾಗಿದೆ. ‘ನೋಡಿ, ವಿಜ್ಞಾನವೇ ಅದೃಶ್ಯವನ್ನು ಒಪ್ಪಿತು’ ಎಂದು ನಮ್ಮಲ್ಲಿ ಕೆಲವರು ಸಂಭ್ರಮಿಸುತ್ತಾರೆ. ಅವಕೆಂಪು ಕಿರಣ ‘ಗೈಬ್’ ಅಲ್ಲ. ಅದು ಉಷ್ಣಮಾಪಕಕ್ಕೆ ಸಿಗುವ ವಸ್ತು, ನಮ್ಮ ಕಣ್ಣಿಗೆ ಮಾತ್ರ ಸಿಗದು. ಈ ಗೊಂದಲವನ್ನು ಬಂಡವಾಳ ಮಾಡಿಕೊಂಡೇ ತಾಯಿತ ಮಾರುವವರು ‘ಕಾಣದ್ದೆಲ್ಲ ಸುಳ್ಳೇನು?’ ಎಂದು ಕೇಳುವುದು. ಇಂಥವರಿಗೆ ಬಿಲಾಲರ(ರ) ಉದಾಹರಣೆ ನೆರವಾಗದು. ಅವರು ಒಳಗಿದ್ದವರು, ಸತ್ಯಸಂಧರು, ಎಲ್ಲಿ ನಿಂತು ನಮಾಝ್ ನಿರ್ವಹಿಸಿದರೆಂಬುದನ್ನೂ ತಿಳಿಸಿದವರು. ‘ಇದೆ’ ಎನ್ನುವವನು ಪುರಾವೆಯ ಹೊರೆ ಹೊರಲೇಬೇಕು.

ವಿಜ್ಞಾನಿಗಳು ಆ ಹೊರೆ ಹೊತ್ತರು. ಎಚ್‌ಡಿಎಫ್ 850.1 ಎಷ್ಟು ದೂರದಲ್ಲಿದೆಯೆಂದು ತಿಳಿಯಲು 14 ವರ್ಷ ಹಿಡಿಯಿತು. 2012ರಲ್ಲಿ ಇಂಗಾಲ ಮತ್ತು ಕಾರ್ಬನ್ ಮಾನಾಕ್ಸೈಡಿನ ರೋಹಿತ ರೇಖೆಗಳಿಂದ ಉತ್ತರ ಸಿಕ್ಕಿತು. ಅದರ ಬೆಳಕು ಹೊರಟು ಸುಮಾರು 1250 ಕೋಟಿ ವರ್ಷಗಳಾಗಿವೆ. ಅಲ್ಲಿ ವರ್ಷಕ್ಕೆ ಸುಮಾರು 850 ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗುತ್ತಿತ್ತು. ನಮ್ಮ ಆಕಾಶಗಂಗೆಯಲ್ಲಿ ಈಗ ಅದು ಒಂದೆರಡು ಸೂರ್ಯರಷ್ಟು ಮಾತ್ರ.

ಹಾಗಾದರೆ ‘ಇಲ್ಲ’ ಎನ್ನುವ ಹಕ್ಕು ಯಾರಿಗಿದೆ? ಆ ವಸ್ತು ಇದ್ದಿದ್ದರೆ ಖಂಡಿತ ಕಾಣುವಂಥ ಕಣ್ಣಿನಿಂದ ನೋಡಿದವನಿಗೆ ಇದೆ. ಹಬಲ್ ಕಣ್ಣು ಅಂಥದ್ದಾಗಿರಲಿಲ್ಲ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಅವಕೆಂಪಿನಲ್ಲೇ ನೋಡುತ್ತದೆ. ಎಚ್‌ಡಿಎಫ್ 850.1ರ ನಕ್ಷತ್ರಗಳ ಬೆಳಕು ಅದರ ಕ್ಯಾಮರಾಕ್ಕೆ ಸಿಕ್ಕಿದೆ. ಸುಮಾರು 1000 ಕೋಟಿ ವರ್ಷಗಳ ಹಿಂದೆ ನಕ್ಷತ್ರಗಳ ಜನನ ಅತ್ಯಧಿಕವಾಗಿತ್ತು ಎಂಬುದರಲ್ಲಿ ಈಗ ವಿಜ್ಞಾನಿಗಳಲ್ಲಿ ಹೆಚ್ಚು ತಕರಾರಿಲ್ಲ. ಅದಕ್ಕೂ ಮೊದಲಿನ ಕಾಲದಲ್ಲಿ ಧೂಳಿನ ಹಿಂದೆ ಇನ್ನೆಷ್ಟು ಅಡಗಿತ್ತು ಎಂಬ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ.