ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂದು ಹಿರಿಯರು ಹೇಳುತ್ತಿದ್ದರು. ಅನ್ನವಿಕ್ಕಿದವರ ಮನೆಯಲ್ಲಿ ಕೊರತೆ ಹುಡುಕುವುದು ಕೃತಘ್ನತೆ ಎಂಬುದು ಅದರ ತಾತ್ಪರ್ಯ. ಆದರೆ ದುಡ್ಡು ಕೊಟ್ಟು ಉಂಡ ಮನೆಯ ಜಂತೆಯನ್ನು ಎಣಿಸಬಹುದೇ? ಗಾದೆ ಹುಟ್ಟಿದ ಕಾಲಕ್ಕೆ ಈ ಪ್ರಶ್ನೆ ಎದ್ದಿರಲಾರದು. ಕಳೆದ ಬೇಸಿಗೆಯಲ್ಲಿ ಎಂಟು ದಿನ ಬೆಂಗಳೂರಿನ ಹೋಟೆಲುಗಳಲ್ಲಿ ಉಂಡು ತಿರುಗಿ ಬಂದ ಮೇಲೆ ನನಗೆ ಮಾತ್ರ ಇದು ಗಂಟುಬಿದ್ದಿದೆ.

ನಾನು ಹೋದದ್ದು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ. ಕೊಪ್ಪದಲ್ಲಿ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿಳಿದು, ಮಲ್ಲೇಶ್ವರದ ವಸತಿಗೃಹವೊಂದರಲ್ಲಿ ಕೋಣೆ ಹಿಡಿದೆ. ರಾಜಾಜಿನಗರದಲ್ಲಿ ಭಾವನ ಮನೆಯಿದೆ. ಅಲ್ಲಿ ಉಳಿಯಬಹುದಿತ್ತು; ಉಳಿಯಲಿಲ್ಲ. ಮೌಲ್ಯಮಾಪನ ಕೇಂದ್ರಕ್ಕೆ ದೂರವಾಗುತ್ತದೆ ಎಂದು ಫೋನಿನಲ್ಲಿ ಹೇಳಿದೆ. "ನಮ್ಮ ಮನೇಲಿ ಅನ್ನಕ್ಕೇನು ಬರವಾ?" ಎಂದು ಭಾವ ಕೇಳಿದರು. ನಾನು ನಕ್ಕು ಸುಮ್ಮನಾದೆ. ನಿಜ ಸಂಗತಿಯೆಂದರೆ, ಬೆಂಗಳೂರಿನಲ್ಲಿ ತಿನ್ನಬೇಕಾದ ಹೋಟೆಲುಗಳ ಒಂದು ಪಟ್ಟಿಯನ್ನು ನಾನು ಬಹಳ ಮುತುವರ್ಜಿಯಿಂದ ತಯಾರಿಸಿಕೊಂಡಿದ್ದೆ.

ಹಗಲೆಲ್ಲ ಮಕ್ಕಳ ಉತ್ತರಕ್ಕೆ ಅಂಕ ಹಾಕುವುದು, ಬೆಳಿಗ್ಗೆ ಸಂಜೆ ದೋಸೆಗೆ ಅಂಕ ಹಾಕುವುದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಾಣಿಯೊಬ್ಬ ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡಿ ಬೆರಗಾದೆ. 1943ರಿಂದ ನಡೆದು ಬಂದ ಆ ಹೋಟೆಲಿನಲ್ಲಿ ಒಂದು ದೋಸೆಗಾಗಿ ಮುಕ್ಕಾಲು ಗಂಟೆ ಕಾದೆ. ಮನೆಯಲ್ಲಿ ಐದು ನಿಮಿಷ ತಡವಾದರೆ ಹಾರಾಡುವವನು ನಾನು. ಮಲ್ಲೇಶ್ವರದ ಸಿ.ಟಿ.ಆರ್.ನ ಬೆಣ್ಣೆ ಮಸಾಲೆಗೆ ಒಂದು ಅಂಕ ಹೆಚ್ಚೇ ಕೊಟ್ಟೆ. ವೀಣಾ ಸ್ಟೋರ್ಸಿನ ಮುಂದೆ ನಿಂತೇ ಇಡ್ಲಿ ತಿಂದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿಗೆ ಸಾಂಬಾರು ಕೊಡುವುದೇ ಇಲ್ಲ, ಬರೀ ಚಟ್ನಿ. ಆ ಚಟ್ನಿ ಬಾಯಿಗೆ ಬಿದ್ದ ಮೇಲೆ ಸಾಂಬಾರು ಬೇಕೆನ್ನಿಸಲೂ ಇಲ್ಲ.

ಇದನ್ನು ನಾಲಗೆಯ ಚಾಪಲ್ಯವೆಂದು ತಳ್ಳಿಹಾಕುವವರು ಹಾಕಲಿ. ನನ್ನ ಮನಸ್ಸಿಗೆ ಹಿತವೆನ್ನಿಸಿದ್ದು ದೋಸೆಯೊಂದೇ ಅಲ್ಲ. ಎಲ್ಲಿಯೂ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆ ಹಿತ ಎಂಥದೆಂಬುದು ತಿಳಿಯಬೇಕಾದರೆ ನಮ್ಮ ಕಡೆಯ ಊಟದ ವಿಷಯ ಸ್ವಲ್ಪ ಹೇಳಬೇಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ—ಈ ಮೂರು ತಾಲ್ಲೂಕುಗಳಲ್ಲಿ ಒಂಟಿಮನೆಗಳು ಬಹಳ. ತೋಟದ ತಲೆಯಲ್ಲಿ ಒಂದು ಮನೆ. ಪಕ್ಕದ ಮನೆಯೆಂದರೆ ಗುಡ್ಡ ಹತ್ತಿ ಇಳಿಯಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ಉಣ್ಣಿಸದೆ ಕಳಿಸುವ ಪದ್ಧತಿ ಅಲ್ಲಿಲ್ಲ. ಆದರೆ ಕೈಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು ಕೊಟ್ಟ ಮೇಲೆ ಬರುವ ಮೊದಲ ಮಾತು, "ಯಾವೂರಾಯ್ತು? ಯಾರ ಮನೆಯವರು?" ಎಂಬುದು. ಅಕ್ಕರೆಯ ಪ್ರಶ್ನೆಯೇ; ಎರಡು ನಿಮಿಷದಲ್ಲಿ ಯಾವುದೋ ನೆಂಟಸ್ತಿಕೆಯ ಎಳೆ ಸಿಕ್ಕಿ, ಬಂದವನಿಗೆ ಇನ್ನೊಂದು ಕಡುಬು ಬೀಳುತ್ತದೆ. ಆದರೆ ಎಲೆ ಎಲ್ಲಿ ಹಾಕಬೇಕು, ಒಳಗೋ, ಜಗಲಿಯಲ್ಲೋ, ಅಂಗಳದಲ್ಲೋ ಎಂಬುದೂ ಅದೇ ಪ್ರಶ್ನೆಯ ಉತ್ತರದಿಂದ ನಿರ್ಧಾರವಾಗುತ್ತಿತ್ತು. ಒಳಗೆ ಎಲೆ ಸಿಕ್ಕವರಿಗೆ ಆ ಪ್ರಶ್ನೆ ನೆನಪಿನಲ್ಲಿ ಸಿಹಿಯಾಗಿ ಉಳಿದಿರುತ್ತದೆ. ನನಗೂ ಹಾಗೆಯೇ ಉಳಿದಿದೆ; ಅಂಗಳದಲ್ಲಿ ಕುಳಿತವರನ್ನು ನಾನು ಕೇಳಿ ನೋಡಿದವನಲ್ಲ.

ನನ್ನ ಅಜ್ಜ ಶೃಂಗೇರಿ ಪೇಟೆಗೆ ಹೋದರೆ ಹೋಟೆಲಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಅಡಿಗೆ ಯಾರದೋ, ಪಕ್ಕದಲ್ಲಿ ಕುಳಿತವನು ಯಾರೋ ಎಂಬ ಅಂಜಿಕೆ. ಇಂಥ ಅಂಜಿಕೆಗೆ ಸಮಾಧಾನ ಹೇಳಲೆಂದೇ ಹಿಂದಿನ ಹೋಟೆಲುಗಳು ಜಾತಿಯನ್ನು ಬೋರ್ಡಿನ ಮೇಲೆ ಬರೆಸಿಕೊಳ್ಳುತ್ತಿದ್ದವು. ಕರಾವಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದ ಹೋಟೆಲಿನ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ ಎಂದಿತ್ತು. ಮುಂದೆ ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಅಷ್ಟರಲ್ಲಿ ದೇಶದ ಸಂವಿಧಾನವೂ ಬಂದಿತ್ತು. ಅದರ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಹೇಳುತ್ತದೆ. ಒಂದು ರಾಷ್ಟ್ರ ತನ್ನ ಸಂವಿಧಾನದಲ್ಲಿ ಹೋಟೆಲಿನ ಪ್ರಸ್ತಾಪ ಮಾಡಬೇಕಾಯಿತೆಂದರೆ, ತಟ್ಟೆ ಲೋಟಗಳ ವಿಷಯ ನಮ್ಮಲ್ಲಿ ಎಷ್ಟು ದೂರ ಹೋಗಿತ್ತೆಂದು ಊಹಿಸಿಕೊಳ್ಳಿ. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆಯೂ ಬಂತು. ಆಮೇಲೂ ಎಷ್ಟೋ ಹಳ್ಳಿಗಳ ಚಹಾದಂಗಡಿಗಳಲ್ಲಿ ಕೆಲವರ ಲೋಟ ಬೇರೆಯೇ ಉಳಿಯಿತು, ಅದು ಬೇರೆ ಮಾತು. ಶಂಕರಪುರದ ಆ ಕಾಫಿ ಬಾರಿನ ಹೆಸರಿನಲ್ಲಿ ಇಂದಿಗೂ ಜಾತಿಯಿದೆ. ಮುಂದೆ ಚಟ್ನಿಗೆ ತಟ್ಟೆ ಚಾಚಿ ನಿಂತವರಲ್ಲಿ ಯಾರು ಯಾರೆಂದು ಕೇಳುವವರಿಲ್ಲ.

ಆದ್ದರಿಂದ ಹೋಟೆಲಿನ ಮೌನವನ್ನು ನಾನು ತರಗತಿಯಲ್ಲಿ ಹೊಗಳುತ್ತ ಬಂದಿದ್ದೇನೆ. ಗಲ್ಲಾದ ಮುಂದೆ ಎಲ್ಲರ ನೋಟಿಗೂ ಒಂದೇ ಬೆಲೆ ಎಂದು ಮಕ್ಕಳಿಗೆ ಹೇಳಿದ್ದೇನೆ. ಈಗಲೂ ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಐದನೆಯ ದಿನ ನಡೆದದ್ದನ್ನು ಹೇಳಬೇಕು.

ಅಂದು ಸಂಜೆ ಪಟ್ಟಿಯಲ್ಲಿಲ್ಲದ ಒಂದು ಸಾಧಾರಣ ಹೋಟೆಲಿಗೆ ಹೋದೆ. ಹೆಸರು ಬೇಡ. ಕುಳಿತು, "ಕುಡಿಯೋಕೆ ಬಿಸಿನೀರು ಸಿಗ್ತದಾ?" ಎಂದು ಕೇಳಿದೆ. ಮೇಜು ಒರೆಸುತ್ತಿದ್ದ ಹುಡುಗ ತಟ್ಟನೆ ತಲೆಯೆತ್ತಿ ನಕ್ಕ. "ಸಾರ್, ನಿಮ್ದು ಕೊಪ್ಪ ಕಡೆಯಾ?" ಬೆಂಗಳೂರಿನವರಾದರೆ 'ಸಿಗುತ್ತಾ' ಎನ್ನುತ್ತಾರೆ, ನನ್ನ 'ಸಿಗ್ತದಾ' ನನ್ನನ್ನು ಹಿಡಿದುಕೊಟ್ಟಿತ್ತು. ಅವನದು ನರಸಿಂಹರಾಜಪುರದ ಆಚೆ, ಭದ್ರಾ ಹಿನ್ನೀರಿನ ಕಡೆ. ಎರಡು ಎಕರೆ ಅಡಿಕೆ ತೋಟವಿತ್ತು, ಹಳದಿ ಎಲೆ ರೋಗ ಬಂದು ಮರಗಳು ನಿಂತಲ್ಲೇ ಸೊರಗಿದವು, ತಮ್ಮ ಓದುತ್ತಾನೆ, ತಾನು ಇಲ್ಲಿಗೆ ಬಂದು ಮೂರು ವರ್ಷವಾಯಿತು ಎಂದು ಮೇಜು ಒರೆಸುತ್ತಲೇ ಹೇಳಿ ಮುಗಿಸಿದ. ಆ ರೋಗದ ಸಂಕಟ ನಮ್ಮ ಮೂರು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು "ಹೌದಾ, ಹೌದಾ" ಎಂದೆ.

ಊಟವಾದ ಮೇಲೆ ಕೇಳದೆಯೇ ಒಂದು ಕಾಫಿ ತಂದಿಟ್ಟ. ಬಿಲ್ಲಿನಲ್ಲಿ ಅದು ಇರಲಿಲ್ಲ. "ಇರ್ಲಿ ಸಾರ್, ಊರಿನವರು," ಎಂದ.

ಆ ಕಾಫಿಯನ್ನು ನಾನು ಏನು ಮಾಡಬೇಕಿತ್ತು? ಅದು ಹೋಟೆಲಿನ ಯಜಮಾನನ ಸ್ವತ್ತು. ಕೊಡುವ ಅಧಿಕಾರ ಹುಡುಗನಿಗಿಲ್ಲ. ಕುಡಿದರೆ ಕಳವಿನಲ್ಲಿ ಪಾಲು. ಗಲ್ಲಾಕ್ಕೆ ಹೋಗಿ ಇದೊಂದು ಬಿಟ್ಟುಹೋಗಿದೆ ಎಂದರೆ ಹುಡುಗನ ಕೆಲಸಕ್ಕೇ ಕುತ್ತು ಬರಬಹುದು. ಅಥವಾ ಅದು ಅವನ ಪಾಲಿಗೆ ಬರುವ ಕಾಫಿಯೇ ಆಗಿದ್ದು, ತಾನು ಕುಡಿಯದೆ ನನಗೆ ತಂದಿದ್ದರೆ? ನೀತಿಶಾಸ್ತ್ರ ಇಂಥಲ್ಲಿ ಬೇಗ ಕೈಕೊಡುತ್ತದೆ, ಕಾಫಿ ಆರುತ್ತಿರುತ್ತದೆ. ಕುಡಿದೆ. ಲೋಟದ ಕೆಳಗೆ 20 ರೂಪಾಯಿಯ ನೋಟೊಂದನ್ನು ಸಿಕ್ಕಿಸಿ ಎದ್ದೆ. ಲೆಕ್ಕ ಚುಕ್ತಾ ಆಯಿತೆಂದು ಬಾಗಿಲು ದಾಟುವಷ್ಟರಲ್ಲಿ ಹುಡುಗ ಓಡಿಬಂದ. "ಸಾರ್, ಇದು ಬಿಟ್ಟು ಹೋಗಿದ್ರಿ." ಅವನ ಮುಖದಲ್ಲಿ ನಗೆಯಿರಲಿಲ್ಲ. ಮರೆತವನಂತೆ ನಟಿಸಿ ಅದನ್ನು ಜೇಬಿಗೆ ಹಾಕಿಕೊಂಡೆ.

ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿ, ಮಧ್ಯಾಹ್ನ ಮಠದ ಊಟಕ್ಕೆ ನಾನು ಎಷ್ಟು ಸಲ ಕುಳಿತಿದ್ದೇನೋ ಲೆಕ್ಕವಿಲ್ಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟವುಂಟು. ಅಲ್ಲಿ ಪುಕ್ಕಟೆಯಾಗಿ ಉಂಡು ಬರುವಾಗ ನನಗೆಂದೂ ಸಂಕೋಚವಾದದ್ದಿಲ್ಲ. ಋಣವೆಲ್ಲ ದೇವಿಯ ಖಾತೆಗೆ ಹೋಗುತ್ತದೆ. ಅವಳು ಎದುರು ಬಂದು, ತೋಟ ಹೋಯಿತು, ತಮ್ಮನ ಫೀಸು ಕಟ್ಟಬೇಕು ಎನ್ನುವುದಿಲ್ಲ. ಒಂದು ಲೋಟ ಕಾಫಿ ಅಷ್ಟು ಭಾರವಾದದ್ದು ಅದರ ಹಿಂದೆ ಒಂದು ಮುಖವಿತ್ತೆಂಬ ಕಾರಣಕ್ಕೆ. ಭಾವನ ಮನೆಯ ಅನ್ನವೂ ಹೀಗೆಯೇ ಭಾರವೆನ್ನಿಸಿ ವಸತಿಗೃಹ ಹುಡುಕಿದವನು ನಾನಲ್ಲವೇ? ಅಲ್ಲಿ ಉಂಡರೆ ಅವರ ಮಗನ ಉದ್ಯೋಗದ ಚಿಂತೆ ಕೇಳಬೇಕು, ಅಕ್ಕನ ಮಂಡಿನೋವು ವಿಚಾರಿಸಬೇಕು. ದೂರದ ಮಾತು ಸುಳ್ಳು. ಅಂಗಳದಲ್ಲಿ ಎಲೆ ಹಾಕಿಸಿಕೊಂಡವನಿಗೆ ಹೋಟೆಲಿನ ಮೌನ ನ್ಯಾಯವಾಗಿ ಒದಗಿತು. ಒಳಗೆ ಎಲೆ ಪಡೆದ ಮನೆತನದ ನನಗೆ ಅದೇ ಮೌನ ಬಹಳ ಅಗ್ಗದ ಅನುಕೂಲವಾಗಿ ಒದಗಿದೆ. ನಾನು ಎರಡನ್ನೂ ಒಂದೇ ಹೆಸರಿನಲ್ಲಿ ಹೊಗಳುತ್ತಿದ್ದೆ.

ಮರುದಿನ ಸಂಜೆ ಆ ಬೀದಿಯನ್ನು ಬಿಟ್ಟು ಸುತ್ತು ಬಳಸಿ ನಡೆದೆ. ಪಟ್ಟಿಯಲ್ಲಿ ಇನ್ನೂ ಮೂರು ಹೋಟೆಲುಗಳಿದ್ದವು; ಅವನ್ನು ಮುಗಿಸಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಮೂರರಲ್ಲಿಯೂ ತಿಂಡಿ ಚೆನ್ನಾಗಿತ್ತು. ಯಾವುದಕ್ಕೆ ಎಷ್ಟು ಅಂಕ ಕೊಟ್ಟೆನೆಂಬುದು ಈಗ ನೆನಪಿಲ್ಲ.

ಊರಿಗೆ ಬಂದು ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಕೇಳುತ್ತಿದ್ದವಳು, ಕಾಫಿಯ ನೀತಿ ಅನೀತಿಯ ಜಿಜ್ಞಾಸೆಗೆ ಹೆಚ್ಚು ಕಿವಿಗೊಟ್ಟಂತೆ ಕಾಣಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, "ಎನ್.ಆರ್. ಪುರದಲ್ಲಿ ಯಾರ ಮನೆಯವನಂತೆ ಆ ಹುಡುಗ? ಹೆಸರೇನು?" ಎಂದಳು.

ನಾನು ಕೇಳಿರಲಿಲ್ಲ.