ಮಳೆಯ ಚೀಟಿ

ಇಂಗ್ಲಿಷಿನಲ್ಲಿ ‘ರೇನ್ ಚೆಕ್’ ಎಂಬ ಮಾತೊಂದಿದೆ. ‘ಕರೆದಿರಿ, ಸಂತೋಷ, ಈಗಲ್ಲ, ಇನ್ನೊಮ್ಮೆ ಬರುತ್ತೇನೆ’ ಎಂಬುದು ಅದರ ತಾತ್ಪರ್ಯ. ಮಹಾನಗರಗಳ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳ ಬಾಯಲ್ಲೂ ಅದು ಸಲೀಸಾಗಿ ಬರುತ್ತದೆ. ಅದು ಹುಟ್ಟಿದ್ದು ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ. 1880ರ ದಶಕದಲ್ಲಿ ಮಳೆಯಿಂದ ಆಟ ನಿಂತರೆ, ಹಣ ತೆತ್ತು ಬಂದಿದ್ದ ಪ್ರೇಕ್ಷಕನಿಗೆ ಮತ್ತೊಂದು ಆಟ ನೋಡಲು ಚೀಟಿ ದೊರೆಯುತ್ತಿತ್ತು. ಆ ಚೀಟಿ ಮೈದಾನದವರು ಹೊತ್ತ ಸಾಲ. ಇಂದು ಬಾರದವನೇ ಚೀಟಿ ಕೇಳುತ್ತಾನೆ. ತನ್ನ ಮನಸ್ಸಿಲ್ಲದಿರುವಿಕೆಗೆ ಮಳೆಯೆಂದು ಹೆಸರಿಡುತ್ತಾನೆ. ಮಳೆಗಾಗಿ ಮುಗಿಲು ನೋಡುವ ಬಳ್ಳಾರಿಯವರಿಗೆ ಇದು ವಿಚಿತ್ರವೇ!

ನಮ್ಮ ಕೌಲ್ ಬಜಾರಿನ ಹೆಸರಿನಲ್ಲಿ ಕೇಳಿಬರುವ ‘ಕೌಲು’ ಇದಕ್ಕೆ ತೀರ ವಿರುದ್ಧವಾದ ಶಬ್ದ. ಅರಬ್ಬಿಯಲ್ಲಿ ಅದಕ್ಕೆ ‘ಆಡಿದ ಮಾತು’ ಎಂದರ್ಥ. ಕನ್ನಡದ ಕಂದಾಯ ವ್ಯವಹಾರಕ್ಕೆ ಬಂದಾಗ ಕರಾರು, ಭರವಸೆಯ ಪತ್ರ ಎಂಬ ಅರ್ಥ ಪಡೆಯಿತು. 1800ರಲ್ಲಿ ಈ ಸೀಮೆ ನಿಜಾಮರಿಂದ ಕಂಪನಿಯ ವಶವಾಗಿ, ಥಾಮಸ್ ಮನ್ರೋ 1807ರವರೆಗೆ ಇದರ ಕಲೆಕ್ಟರರಾಗಿದ್ದರು. ಅಂದಿನ ಆಡಳಿತಗಳಲ್ಲಿ, ಬೀಳುನೆಲ ಉಳಲು ಬಂದ ರೈತನಿಗೆ ‘ಕಂದಾಯ ಇಷ್ಟೇ’ ಎಂಬ ಕೌಲು ಕೊಡುವ ರೂಢಿಯಿತ್ತು. ಆ ಮಾತನ್ನು ನಂಬಿ ಅವನು ನೇಗಿಲು ಹೂಡುತ್ತಿದ್ದನು.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹವಿತ್ತು. ರಾತ್ರಿ ಬರುವ ದೆವ್ವ ಅದನ್ನು ಓದಿ ಹಿಂದಿರುಗುವುದೆಂದು ಜನ ನಂಬಿದ್ದರು. ದೆವ್ವವನ್ನು ವಂಚಿಸಲು ಬರೆದ ಆ ಮಾತನ್ನು ನಾವು ಮನುಷ್ಯರಿಗೂ ಹೇಳುತ್ತಿಲ್ಲವೇ?

ಮದುವೆಗೆ ಕರೆದವರಿಗೆ ನಯವಾಗಿ ‘ನೋಡೋಣ’ ಎಂದರೆ ದೊಡ್ಡ ಹಾನಿಯಿಲ್ಲ. ಅದು ಲೋಕಾರೂಢಿ, ಇಬ್ಬರಿಗೂ ಅರ್ಥವಾಗುತ್ತದೆ. ಆದರೆ ಜೀನ್ಸ್ ಹೊಲಿದು ಕೂಲಿ ಕೇಳಲು ಬಂದ ಹೆಂಗಸಿಗೆ, ಹಣ ಪೆಟ್ಟಿಗೆಯಲ್ಲಿರುವಾಗಲೇ ‘ನಾಳೆ ಬಾರಮ್ಮ’ ಎಂದರೆ? ಅವಳು ಅದನ್ನು ಕೌಲೆಂದೇ ತಿಳಿಯುತ್ತಾಳೆ. ಅಂಗಡಿಯವನಿಗೆ ತಾನೂ ‘ನಾಳೆ’ ಎನ್ನುತ್ತಾಳೆ, ಮರುದಿನ ಅರ್ಧ ದಿನದ ಕೆಲಸ ಬಿಟ್ಟು ಬರುತ್ತಾಳೆ. ಕೂಲಿಯಾಳಿನ ಸಂಬಳವನ್ನು ಬೆಳಗಿನವರೆಗೂ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡವು ವಿಧಿಸುತ್ತದೆ. ಕೊಡಲು ಕೈಯಲ್ಲಿರುವಾಗ ನೆರೆಯವನನ್ನು ನಾಳೆಗೆ ಅಟ್ಟಬಾರದೆಂದು ಜ್ಞಾನೋಕ್ತಿಗಳ ಗ್ರಂಥವೂ ತಿಳಿಸುತ್ತದೆ. ಎರಡೂ ಕಡೆ ಲೆಕ್ಕಕ್ಕೆ ಬರುವುದು ಕಾಯುವವನ ರಾತ್ರಿ.

ಹಾಸಿಗೆ ಹಿಡಿದ ಹಿರಿಯರಿಗೆ ‘ಮುಂದಿನ ಭಾನುವಾರ ಬರುತ್ತೇವೆ, ಅಜ್ಜಿ’ ಎಂದು ಫೋನಿನಲ್ಲಿ ಹೇಳುವುದೂ ಇಂಥದ್ದೇ. ಅಂದು ಅವರು ತಲೆ ಬಾಚಿಸಿಕೊಂಡು ಬಾಗಿಲ ಕಡೆಗೆ ಮುಖ ಮಾಡಿ ಮಲಗಿರುತ್ತಾರೆ. ‘ಈ ತಿಂಗಳು ಆಗದು’ ಎಂದಿದ್ದರೆ ಬೇಸರವಾಗುತ್ತಿತ್ತು, ನಿಜ. ಆದರೆ ಆ ಭಾನುವಾರವಾದರೂ ಅವರದಾಗಿರುತ್ತಿತ್ತು.